ಹೊತ್ತಿದ ಬ್ಯಾಳಿ, ತಿಳಿಯದ ಮೂಗು

"ಬ್ಯಾಳಿ ಹೊತ್ತಿ ವಾಸನಿ ಬರ್ಲಾಕತ್ತದ, ನಿಂಗ ಗೊತ್ತಾಗ್ಲಿಲ್ಲೇನ್ ಕಾಕಿ?"

"ಇಲ್ಲಪ, ನೆಗಡಿ ಆಗ್ಯಾದ."

ಕಲಬುರಗಿಯಂಥ ತೊಗರಿ ನಾಡಿನಲ್ಲಿ ಬ್ಯಾಳಿ ಹೊತ್ತಿದ್ದು ತಿಳಿಯದಿದ್ದರೆ ನಗದೆ ಇರುತ್ತಾರೆಯೇ? ನಕ್ಕೆವು. ಆ ನೆಗಡಿ ಮಾತ್ರ ಮುಗಿಯಲೇ ಇಲ್ಲ. ಆಮೇಲೆ ಬಲಭುಜ ಬಿಗಿಯಿತು. ಎರಡು ವರ್ಷ ಬರೀ ಭುಜಕ್ಕೇ ಔಷಧ. ರೊಟ್ಟಿ ಬಡಿಯುವ ಕೈ ನಿಧಾನವಾಗಿ, ಸುಮ್ಮನೆ ಕೂತಾಗ ಹೆಬ್ಬೆರಳು ನಡುಗತೊಡಗಿದ ಮೇಲೆಯೇ ಗೊತ್ತಾಗಿದ್ದು, ಇದು ಪಾರ್ಕಿನ್ಸನ್ ಕಾಯಿಲೆ ಅಂತ.

1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಈ ರೋಗವನ್ನು ವಿವರಿಸಿದ್ದು ಕಣ್ಣಳತೆಯಲ್ಲೇ. ಇವತ್ತಿಗೂ ವೈದ್ಯರು ಮುಖ್ಯವಾಗಿ ನಡಿಗೆ, ಬಿಗಿತ, ನಡುಕ ನೋಡಿಯೇ ಹೇಳುವುದು. ಆದರೆ ಕೈ ನಡುಗುವ ಹೊತ್ತಿಗೆ ಮಿದುಳಿನಲ್ಲಿ ಚಲನೆಯನ್ನು ಹತೋಟಿಯಲ್ಲಿಡುವ ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ಜೀವಕೋಶಗಳ ದೊಡ್ಡ ಪಾಲು ಸತ್ತಿರುತ್ತದೆ. ಎಷ್ಟೋ ಜನರಲ್ಲಿ ಮೂಗು ಮಂದವಾಗುವುದು, ಮಲಬದ್ಧತೆ, ಕನಸಿನಲ್ಲಿ ಕೈಕಾಲು ಬಡಿಯುವುದು ವರ್ಷಗಳ ಮೊದಲೇ ಶುರುವಾಗಿರುತ್ತವೆ. ವಯಸ್ಸಾದವರಿಗೆ ಇವೆಲ್ಲ ಇದ್ದದ್ದೇ ಅಲ್ಲವೇ? ಅದಕ್ಕೇ ದೇಹದೊಳಗಿನ ಗಟ್ಟಿ ಗುರುತು, ಅಂದರೆ ಬಯೋಮಾರ್ಕರ್, ಬೇಕಾಗಿದ್ದು.

ಗುರುತು ಸಿಕ್ಕಿದ್ದು ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನಿನಲ್ಲಿ. ರೋಗಿಗಳ ನರಕೋಶದೊಳಗಿನ ಗಂಟುಗಳು ಮುಖ್ಯವಾಗಿ ಇದರದ್ದೇ ಎಂದು 1997ರಲ್ಲಿ ತಿಳಿಯಿತು. ಇದು ಮಡಚಿಕೊಂಡಿರುವ ಆಕಾರ ಒಮ್ಮೆ ಕೆಟ್ಟರೆ ಪಕ್ಕದ್ದನ್ನೂ ಕೆಡಿಸುತ್ತದೆ, ಹಾಲಿಗೆ ಬಿದ್ದ ಹೆಪ್ಪಿನ ಹಾಗೆ. ಹೊಸ ಪರೀಕ್ಷೆ ಈ ಕೆಟ್ಟ ಗುಣವನ್ನೇ ಬಳಸಿಕೊಳ್ಳುತ್ತದೆ. ಬೆನ್ನಿಗೆ ಸೂಜಿ ಹಾಕಿ ತೆಗೆದ ಮಿದುಳುಬಳ್ಳಿಯ ದ್ರವವನ್ನು ಒಳ್ಳೆಯ ಸಿನ್ಯೂಕ್ಲಿನ್ ಜೊತೆ ಬೆರೆಸಿ ಮತ್ತೆಮತ್ತೆ ಅಲುಗಾಡಿಸುತ್ತಾರೆ. ದ್ರವದಲ್ಲಿ ಹೆಪ್ಪು, ಅಂದರೆ ಕೆಟ್ಟ ಸಿನ್ಯೂಕ್ಲಿನ್, ಇದ್ದರೆ ಎಳೆಗಳು ಕಟ್ಟಿಕೊಂಡು, ಬೆರೆಸಿದ ಬಣ್ಣ ಹೊಳೆಯುತ್ತದೆ. 1,123 ಜನರ ಮೇಲಿನ ಅಧ್ಯಯನ 2023ರಲ್ಲಿ ಪ್ರಕಟವಾಯಿತು: ಪಾರ್ಕಿನ್ಸನ್ ಇದ್ದ ನೂರರಲ್ಲಿ ಸುಮಾರು 88 ಮಂದಿಯಲ್ಲಿ ಹೆಪ್ಪು ಸಿಕ್ಕಿತ್ತು. ವಾಸನೆಯೂ ಹೋಗಿದ್ದ, ಆನುವಂಶಿಕ ಕಾರಣ ಕಾಣದ ರೋಗಿಗಳಲ್ಲಿ ಹೆಚ್ಚುಕಡಿಮೆ 99! ಕಾಕಿಯ ನೆಗಡಿ ನೆನಪಾಗಿ ಕಸಿವಿಸಿಯಾಯಿತು.

ನೋಡಲು ಪಾರ್ಕಿನ್ಸನ್‌ನಂತೆಯೇ ಇರುವ ಪಿಎಸ್‌ಪಿ (ಪ್ರೊಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ) ಎಂಬ ಮಿದುಳಿನ ರೋಗದಲ್ಲಿ ಕೆಡುವುದು ಟಾವ್ ಎಂಬ ಬೇರೆ ಪ್ರೋಟೀನ್. ಅಲ್ಲಿ ಸಾಮಾನ್ಯವಾಗಿ ಈ ಹೆಪ್ಪು ಸಿಗದು. ನರತಂತು ಸವೆದಾಗ ರಕ್ತಕ್ಕೆ ಸೇರುವ ನ್ಯೂರೋಫಿಲಮೆಂಟ್ ಎಂಬ ಪ್ರೋಟೀನ್ ಕೂಡ ಪಿಎಸ್‌ಪಿಯಲ್ಲೇ ಹೆಚ್ಚು ಏರುತ್ತದೆ. ಲೆವೊಡೋಪಾ ಗುಳಿಗೆ ಪಾರ್ಕಿನ್ಸನ್‌ಗೆ ಚೆನ್ನಾಗಿ ಹತ್ತುತ್ತದೆ, ಪಿಎಸ್‌ಪಿಗೆ ಅಷ್ಟಕ್ಕಷ್ಟೇ. ಹಾಗಾಗಿ ಈ ವ್ಯತ್ಯಾಸ ತಿಳಿದರೆ ಲಾಭವಿದೆ. ಆದರೆ ರೋಗವನ್ನೇ ತಡೆಯುವ ಔಷಧ ಇನ್ನೂ ಇಲ್ಲದಿರುವಾಗ, ವಾಸನೆ ಹೋಯಿತೆಂದು ಗಟ್ಟಿಮುಟ್ಟಾಗಿರುವವರ ಬೆನ್ನಿಗೆ ಸೂಜಿ ಹಾಕಿಸುವುದು ನನಗಂತೂ ಒಪ್ಪಿಗೆಯಿಲ್ಲ.

ಕಾಕಿಗೆ ಆ ಪರೀಕ್ಷೆ ಆಗಲಿಲ್ಲ, ಗುಳಿಗೆ ಹತ್ತಿತು. ನುಂಗಿ ಒಂದು ತಾಸಿಗೆ ರೊಟ್ಟಿ ಬಡಿಯಲು ಕೂಡುತ್ತಾಳೆ. ಹೋದ ವಾಸನೆಯನ್ನು ಲೆವೊಡೋಪಾ ಮರಳಿ ತರುವುದಿಲ್ಲ. ಬ್ಯಾಳಿ ಇಟ್ಟಾಗ ಒಳಗಿನಿಂದಲೇ ಕೂಗುತ್ತಾಳೆ: "ಬಾರಪ, ಜರಾ ಮೂಸಿ ನೋಡು."