ಸರ್ಕಾರಿ ಜಮೀನಿನಲ್ಲಿ ಬೇಟೆಯಾಡಲು ಯಾರ ಅಪ್ಪಣೆ ಬೇಕು?

ಪ್ರಶ್ನೆ: ಮಗ ಅಮೆರಿಕದ ಡೆನ್ವರ್‌ನಲ್ಲಿದ್ದಾನೆ. ಗೆಳೆಯರ ಜೊತೆ ಪಕ್ಕದ ವಯೋಮಿಂಗ್ ರಾಜ್ಯದ ಕಾರ್ಬನ್ ಕೌಂಟಿಗೆ ಬೇಟೆಗೆ, ಮೀನು ಹಿಡಿಯಲು ಹೊರಟಿದ್ದಾನೆ. ‘ಅದು ಸಾರ್ವಜನಿಕ ಜಮೀನು, ಯಾರೂ ಕೇಳುವುದಿಲ್ಲ’ ಎನ್ನುತ್ತಾನೆ. ನಿಜವೇ?

ಉತ್ತರ: ಅರ್ಧ ನಿಜ. ಜಮೀನೇನೋ ಸಾರ್ವಜನಿಕರದು, ಅಲ್ಲಿಗೆ ಹೋಗುವ ದಾರಿಯೂ ಅವರದೇ ಆಗಿರಬೇಕೆಂದಿಲ್ಲ. ನಮ್ಮೂರಿನ ಗೋಮಾಳಕ್ಕೆ ಸುತ್ತಲೂ ಖಾಸಗಿ ಹೊಲಗಳಿದ್ದು, ನಕಾಶೆಯಲ್ಲಿ ಬಂಡಿದಾರಿ ಇಲ್ಲದಿದ್ದರೆ ಏನಾಗುತ್ತದೋ ಅದೇ ಕಥೆ.

ಈ ತೊಡಕು ಹುಟ್ಟಿದ್ದು ರೈಲಿನಿಂದ. 1860ರ ದಶಕದಲ್ಲಿ ಯೂನಿಯನ್ ಪೆಸಿಫಿಕ್ ಕಂಪನಿ ಹಳಿ ಹಾಕಲು ಹೊರಟಾಗ, ಎರಡೂ ಬದಿಯ ನೆಲವನ್ನು 640 ಎಕರೆಯ ಚೌಕಗಳಾಗಿ ಅಳೆದು, ಒಂದು ಬಿಟ್ಟು ಒಂದನ್ನು ಸರ್ಕಾರ ಅದಕ್ಕೆ ಕೊಟ್ಟಿತು. ನಕಾಶೆ ಚದುರಂಗದ ಮಣೆಯಾಯಿತು. ಒಂದು ಸರ್ಕಾರಿ ಚೌಕದಿಂದ ಇನ್ನೊಂದಕ್ಕೆ ಹೋಗಬೇಕೆಂದರೆ ಒಂಟೆ ನಡೆಯುವಂತೆ ಮೂಲೆಯಲ್ಲೇ ದಾಟಬೇಕು. ಮೂಲೆ ಎಂಬುದು ಬರೀ ಒಂದು ಬಿಂದು, ಮನುಷ್ಯನಿಗಾದರೋ ಭುಜಗಳಿವೆ. ದಾಟುವಾಗ ಅವು ಪಕ್ಕದವನ ನೆಲದ ಮೇಲಿನ ಗಾಳಿಯನ್ನು ಸೋಕಿಯೇ ಸೋಕುತ್ತವೆ.

ಆ ಗಾಳಿಗಾಗಿಯೇ ಒಂದು ವ್ಯಾಜ್ಯ ನಡೆಯಿತು. ಎಲ್ಕ್ ಮೌಂಟನ್ ಬಳಿ ಸುಮಾರು 22,000 ಎಕರೆಯ ಮಾಲೀಕರೊಬ್ಬರ ಕಡೆಯಿಂದ ಅಂಥದೊಂದು ಮೂಲೆಯಲ್ಲಿ ಎರಡು ಕಂಬ ನೆಟ್ಟು, ನಡುವೆ ಸರಪಳಿ ಬಿಗಿಯಲಾಗಿತ್ತು. 2020ರಲ್ಲಿ ಮಿಸೌರಿಯಿಂದ ಬಂದ ಬೇಟೆಗಾರರು ಕಂಬ ಹಿಡಿದು ತೂಗಿಕೊಂಡು ಆಚೆ ಹೋದರು. ಮರುವರ್ಷ ಉಕ್ಕಿನ ಏಣಿಯನ್ನೇ ತಂದರು. ಈಚೆಯ ಸರ್ಕಾರಿ ಚೌಕದಲ್ಲಿ ಹತ್ತಿ ಆಚೆಯ ಸರ್ಕಾರಿ ಚೌಕದಲ್ಲಿ ಇಳಿದರು. ಖಾಸಗಿ ಮಣ್ಣಿಗೆ ಅಂಗಾಲು ತಾಗಲಿಲ್ಲ. ಆದರೂ ಅತಿಕ್ರಮಣದ ಕೇಸು ಬಿತ್ತು. 2022ರಲ್ಲಿ ಜ್ಯೂರಿ ಬಿಡುಗಡೆ ಮಾಡಿತು. ಮಾಲೀಕರು ಬಿಡಲಿಲ್ಲ, 70 ಲಕ್ಷ ಡಾಲರಿಗೂ ಹೆಚ್ಚಿನ ನಷ್ಟದ ಲೆಕ್ಕ ಹೇಳಿದರು. ನಿಮ್ಮ ಮಗನಿರುವ ಡೆನ್ವರ್‌ನಲ್ಲೇ ಕೂರುವ ಫೆಡರಲ್ ಮೇಲ್ಮನವಿ ನ್ಯಾಯಾಲಯ, ಸಾರ್ವಜನಿಕ ಭೂಮಿಗೆ ಬೇಲಿ ಹಾಕುವುದನ್ನು ತಡೆಯುವ 1885ರ ಕಾಯ್ದೆಯನ್ನು ಹಿಡಿದು, 2025ರ ಮಾರ್ಚ್‌ನಲ್ಲಿ ಬೇಟೆಗಾರರ ಪರ ನಿಂತಿತು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅರ್ಜಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಹಾಗಾಗಿ ವಯೋಮಿಂಗ್‌ನಲ್ಲಿ ಈಗ ಖಾಸಗಿ ನೆಲ ಮುಟ್ಟದೆ ಮೂಲೆ ದಾಟಬಹುದು. ಪಕ್ಕದ ಮೊಂಟಾನಾ ಬೇರೆ ನ್ಯಾಯಾಲಯದ ವ್ಯಾಪ್ತಿಗೆ ಸೇರಿದ್ದರಿಂದ ಅಲ್ಲಿ ಈ ತೀರ್ಪನ್ನು ನೆಚ್ಚಿಕೊಳ್ಳುವಂತಿಲ್ಲ.

ಮೀನಿನ ವಿಷಯ ಇನ್ನೂ ಸೋಜಿಗ. ನಾರ್ತ್ ಪ್ಲಾಟ್ ನದಿಯ ನೀರು ಎಲ್ಲರದು, ಖಾಸಗಿ ಜಮೀನಿನೊಳಗೆ ಹರಿಯುವಾಗ ಅದರ ತಳ ಮಾತ್ರ ಮಾಲೀಕರದು. ದೋಣಿಯಲ್ಲಿ ತೇಲುತ್ತ ಟ್ರೌಟ್‌ಗೆ ಗಾಳ ಹಾಕಬಹುದು. ಲಂಗರು ಇಳಿಬಿಟ್ಟರೆ, ನೀರಿಗಿಳಿದು ನಿಂತರೆ ಅತಿಕ್ರಮಣ.

ಅಪ್ಪಣೆಯ ಮಾತಿಗೆ ಬಂದರೆ, ನೆಲ ಫೆಡರಲ್ ಸರ್ಕಾರದ್ದಾದರೂ ಪರವಾನಗಿ ಕೊಡುವುದು ರಾಜ್ಯದ ಬೇಟೆ ಮತ್ತು ಮೀನು ಇಲಾಖೆ. ನಮ್ಮ ಕಡವೆಯ ಬಂಧುವಾದ ಎಲ್ಕ್‌ಗೆ ಹೊರರಾಜ್ಯದವರು ಸಾಮಾನ್ಯವಾಗಿ ಲಾಟರಿಗೆ ಅರ್ಜಿ ಹಾಕಬೇಕು. ‘ವೈಲ್ಡರ್‌ನೆಸ್’ ಎಂದು ಘೋಷಿಸಿದ ಕಾಡಿನಲ್ಲಿ ಅವರು ದೊಡ್ಡ ಪ್ರಾಣಿಗಳನ್ನು ಬೇಟೆಯಾಡಲು ಸ್ಥಳೀಯ ಮಾರ್ಗದರ್ಶಿಯೂ ಜೊತೆಗಿರಬೇಕು. ಸುಮ್ಮನೆ ಸುತ್ತಾಡಲು ಈ ತಾಪತ್ರಯವಿಲ್ಲ.

ಮಗನ ವೀಸಾ ಯಾವುದೆಂದು ನೀವು ಬರೆದಿಲ್ಲ. ಎಚ್-1ಬಿಯಂಥ ತಾತ್ಕಾಲಿಕ ವೀಸಾದವರು ಕೋವಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಉಳ್ಳವರಿಗೆ ವಿನಾಯಿತಿ ಇದೆ. ಅದು ಕೈಸೇರುವವರೆಗೆ ಗೆಳೆಯರ ಕೋವಿ ಗೆಳೆಯರ ಹೆಗಲಲ್ಲೇ ಇರಲಿ.