ಗಾಳಿ ಹೋತೇನ್ರಿ ಆಯಿ?

ಅಂಡಾಶಯದ ಕ್ಯಾನ್ಸರಿಗೆ ಆಪರೇಷನ್ ಆಗಿ ಮನೆಗೆ ಬಂದ ಹೆಂಗಸು ಹತ್ತು ಹದಿನೈದು ದಿನಕ್ಕೇ ಮತ್ತೆ ಅಡ್ಮಿಟ್ ಆದಳೆಂದರೆ ಬಾದಾಮಿ, ಮುಧೋಳದ ಕಡೆ ಓಣಿಗೆಲ್ಲ ಒಂದೇ ಮಾತು: "ಕತ್ತರಿ ಹಚ್ಚಿದ್ರಲ್ಲ, ಗಂಟು ಹೊಟ್ಟಿ ತುಂಬ ಹಬ್ಬೇತಿ." ಕೇಳಿದಾಗೆಲ್ಲ ಸಿಟ್ಟು ಬರುತ್ತದೆ. ಮೊದಲ 30 ದಿನದೊಳಗೆ ಮರಳಿ ಆಸ್ಪತ್ರೆಗೆ ಎಳೆದು ತರುವುದು ಸಾಮಾನ್ಯವಾಗಿ ನಿಂತುಹೋದ ಕರುಳು, ಕೀವಾದ ಗಾಯ, ನೀರು ಬತ್ತಿದ ಮೈ, ಕಾಲಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪು. ಇದರಲ್ಲಿ ಕರುಳಿನ ಕಥೆ ನನಗೆ ಬಲು ಸೊಗಸು.

ಈ ರೋಗ ಗೊತ್ತಾಗುವುದೇ ಬಹುಪಾಲು ಹೊಟ್ಟೆಯೊಳಗೆ ಹರಡಿದ ಮೇಲೆ. ಸರ್ಜನ್ ಹೊಕ್ಕುಳ ಮೇಲಿನಿಂದ ಉದ್ದಕ್ಕೆ ಕೊಯ್ದು ಗರ್ಭಕೋಶ, ಅಂಡಾಶಯ, ಕರುಳಿನ ಮುಂದೆ ಇಳಿಬಿದ್ದ ಕೊಬ್ಬಿನ ಪೊರೆ ತೆಗೆದು, ಕರುಳನ್ನು ಗೇಣುಗೇಣಾಗಿ ಕೈಯಲ್ಲಿ ಹಿಡಿದು ನೋಡುತ್ತಾರೆ. ಕರುಳಿಗೆ ಇದು ಆಗಿಬರುವುದಿಲ್ಲ. ಅದರ ಸ್ನಾಯುಪದರದಲ್ಲಿ ಕಾವಲಿರುವ ರೋಗನಿರೋಧಕ ಕೋಶಗಳು ಎಚ್ಚೆತ್ತು ಉರಿಯೂತ ಎಬ್ಬಿಸುತ್ತವೆ. ಅವು ಬಿಡುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಸ್ನಾಯುವನ್ನು ಸಡಿಲಿಸುತ್ತದೆ. ನೋವಿಗೆ ಕೊಟ್ಟ ಮಾರ್ಫಿನ್ ಕರುಳನ್ನು ಇನ್ನಷ್ಟು ಮಂಕಾಗಿಸುತ್ತದೆ. ಮುಳವಾಡ ಏತ ನೀರಾವರಿಯಲ್ಲಿ ಕರೆಂಟ್ ಹೋದಂತೆ: ಪೈಪು ಒಡೆದಿಲ್ಲ, ಕಟ್ಟಿಕೊಂಡೂ ಇಲ್ಲ, ಮೋಟರ್ ನಿಂತಿದೆ. ಸಣ್ಣಕರುಳು ಒಂದು ದಿನದಲ್ಲಿ ಎದ್ದೀತು, ದೊಡ್ಡಕರುಳಿಗೆ ಎರಡು ಮೂರು ದಿನ ಬೇಕು. ಅದಕ್ಕೇ ರೌಂಡ್ಸಿಗೆ ಬಂದ ಡಾಕ್ಟರು "ಗಾಳಿ ಹೋತೇನ್ರಿ ಆಯಿ?" ಎಂದು ಕೇಳುವುದು. ಆಯಿ ಬಾಯಿಗೆ ಸೆರಗಿಟ್ಟು ಗೋಡೆ ಕಡೆ ತಿರುಗುತ್ತಾಳೆ. ನಾಚಿಕೆ ಬಿಟ್ಟು ಹೇಳಬೇಕಾದ ಸಂಗತಿ ಇದು.

ಮನೆಗೆ ಹೋದ ಮೇಲೂ ಕರುಳು ಮತ್ತೆ ನಿಲ್ಲಬಹುದು. ಆಗ ನೀರಿನ ಲೆಕ್ಕ ತಪ್ಪುತ್ತದೆ. ನಾವು ಕುಡಿಯುವುದು ದಿನಕ್ಕೆ ಸುಮಾರು 2 ಲೀಟರ್. ಜೊಲ್ಲು, ಜಠರರಸ, ಪಿತ್ತ ಎಲ್ಲ ಸೇರಿ ಮೈಯೇ ಇನ್ನೂ 7 ಲೀಟರಿನಷ್ಟು ಕರುಳಿಗೆ ಸುರಿಯುತ್ತದೆ. ಮಲದಲ್ಲಿ ಹೋಗುವುದು ಒಂದು ಲೋಟದಷ್ಟೂ ಇಲ್ಲ, ಉಳಿದದ್ದೆಲ್ಲ ರಕ್ತಕ್ಕೆ ವಾಪಸ್. ಕರುಳು ನಿಂತರೆ ಅದು ಅಲ್ಲೇ ತುಂಬಿ ಹೊಟ್ಟೆ ಉಬ್ಬುತ್ತದೆ, ವಾಂತಿಯಾಗುತ್ತದೆ, ರಕ್ತ ಒಣಗಿ ಕಿಡ್ನಿ ಸೋಲುತ್ತದೆ. ಮೇಲೆ ವಿಜಯಪುರದ ಮೇ ತಿಂಗಳ 40 ಡಿಗ್ರಿ ಬಿಸಿಲು. ಅದರ ಮೇಲೆ ಮನೆಯವರ ಪಥ್ಯ: "ನೀರ ಕುಡದ್ರ ಹೊಲಿಗ್ಯಾಗ ಕೀವ ತುಂಬ್ತದ, ಬ್ಯಾಳಿ ನಂಜು." ಕೀವು ಬರುವುದು ಬ್ಯಾಕ್ಟೀರಿಯಾದಿಂದ. ಲಂಗದ ಲಾಡಿಯನ್ನು ಸರಿಯಾಗಿ ಹೊಲಿಗೆ ಮೇಲೇ ಬಿಗಿದು, ಅದರ ಕೆಳಗೆ ಬೆವರು ನಿಲ್ಲಿಸುವುದರ ಬಗ್ಗೆ ಮಾತ್ರ ಯಾರೂ ಮಾತಾಡುವುದಿಲ್ಲ! ಬೇಳೆ, ಮೊಟ್ಟೆ ಬಿಡಿಸಿದರೆ ಗಾಯ ಕೂಡಲು ಪ್ರೋಟೀನ್ ಎಲ್ಲಿಂದ ಬರಬೇಕು?

ಇನ್ನು ಮಲಗಿಸಿಯೇ ಇಡುವ ಚಾಳಿ. 1809ರ ಡಿಸೆಂಬರಿನಲ್ಲಿ ಅಮೆರಿಕದ ಕೆಂಟಕಿಯಲ್ಲಿ ಎಫ್ರೇಮ್ ಮೆಕ್‌ಡೊವೆಲ್ ಎಂಬ ವೈದ್ಯ ಜೇನ್ ಟಾಡ್ ಕ್ರಾಫರ್ಡ್ ಎಂಬಾಕೆಯ ಹೊಟ್ಟೆ ಕೊಯ್ದು ಸುಮಾರು 10 ಕಿಲೋ ತೂಕದ ಅಂಡಾಶಯದ ಗಡ್ಡೆ ತೆಗೆದ. ಅರಿವಳಿಕೆ ಇಲ್ಲ, ಈಥರ್ ಬಳಕೆಗೆ ಬಂದದ್ದು 1846ರಲ್ಲಿ. ಐದನೆಯ ದಿನ ಹೋಗಿ ನೋಡಿದರೆ ಆಕೆ ಎದ್ದು ತನ್ನ ಹಾಸಿಗೆ ತಾನೇ ಸರಿಮಾಡುತ್ತಿದ್ದಳು. ಮೆಕ್‌ಡೊವೆಲ್ ಎಚ್ಚರಿಕೆ ಹೇಳಿದ. ಆಕೆ 25 ದಿನಕ್ಕೆ ಊರಿಗೆ ಹೋಗಿ ಇನ್ನೂ 32 ವರ್ಷ ಬದುಕಿದಳು. ಬೇಗ ಎಬ್ಬಿಸಿ ನಡೆಸಿ, ಬೇಗ ಉಣ್ಣಿಸಿ, ಮಾರ್ಫಿನ್ ಕಡಿಮೆ ಮಾಡಿ ಎಂದು ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಹ್ಲೆಟ್ ಪಟ್ಟು ಹಿಡಿದದ್ದು 1990ರ ದಶಕದಲ್ಲಿ. ಈಗ ಚೂಯಿಂಗ್ ಗಮ್ ಅಗಿಯಲು ಕೊಡುವುದೂ ಉಂಟು. ಬಾಯಿ ಆಡಿದರೆ ಊಟ ಬಂತೆಂದು ಕರುಳು ಚುರುಕಾಗುತ್ತದೆ. (ಎಲಿಅಡಿಕಿ ನಡಿತದೇನ್ರಿ ಅಂತ ಕೇಳಬೇಡಿ.)

ನಡಿಗೆ ಹೆಪ್ಪಿಗೂ ತಡೆ. ಕ್ಯಾನ್ಸರ್ ರಕ್ತವನ್ನು ಹೆಪ್ಪುಗಟ್ಟುವ ಕಡೆಗೇ ತಳ್ಳುತ್ತದೆ, ಅದಕ್ಕೇ ಹಲವರಿಗೆ ಮನೆಯಲ್ಲೂ ಸೇರಿ 28 ದಿನ ಹೊಟ್ಟೆಯ ಚರ್ಮಕ್ಕೆ ಹೆಪ್ಪು ತಡೆಯುವ ಇಂಜೆಕ್ಷನ್ ಬರೆಯುವುದು. ಅರ್ಧಕ್ಕೆ ಬಿಡುವಂತಿಲ್ಲ.

ಹಸಿರು ವಾಂತಿ, ಬಿಗಿದ ಹೊಟ್ಟೆ, ಗಾಳಿ ಬಂದ್, ಒಂದೇ ಕಾಲಿಗೆ ಬಾವು, ಏದುಸಿರು: ಇವುಗಳಲ್ಲಿ ಒಂದು ಕಂಡರೂ ಮಜ್ಜಿಗೆ ಕುಡಿಸಿ ಬೆಳಗಾಗಲೆಂದು ಕಾಯುವುದು ಬೇಡ. ಬೆಳಗಾವಿಯ ದೊಡ್ಡ ಆಸ್ಪತ್ರೆ ದೂರವಾದರೆ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ರಾತ್ರಿಯೇ ಹೊರಡಿ, ಡಿಸ್ಚಾರ್ಜ್ ಕಾರ್ಡ್ ಜೊತೆಗಿರಲಿ. ತಡವಾದಷ್ಟೂ ಮುಂದಿನ ಕೀಮೋ ಹಿಂದೆ ಬೀಳುತ್ತದೆ.