ಆ ಕಮಾನು ಯಾವ ಗ್ಯಾಲಕ್ಸಿಯದ್ದು?

ಗ್ಯಾಲಕ್ಸಿ ಗುಚ್ಛದ ರೇಡಿಯೋ ಚಿತ್ರ ಕೈಗೆ ಕೊಟ್ಟರೆ ಹೊಸ ವಿದ್ಯಾರ್ಥಿಗಳು ಮೊದಲು ಕೇಳುವ ಪ್ರಶ್ನೆ ಇದೇ. ಅಂಚಿನಲ್ಲಿ ಉದ್ದಕ್ಕೆ ಬಾಗಿದ ಹೊಳಪು ಕಂಡರೆ ಸಾಕು, ಪಕ್ಕದಲ್ಲಿರುವ ಯಾವುದೋ ಗ್ಯಾಲಕ್ಸಿಗೆ ಅದನ್ನು ಗಂಟು ಹಾಕಿಬಿಡುತ್ತಾರೆ. ಒಬ್ಬಳು ತುಂಬಾ ಮುತುವರ್ಜಿಯಿಂದ ಆರಿಸಿದ್ದ ಗ್ಯಾಲಕ್ಸಿ ಆ ಗುಚ್ಛದಲ್ಲೇ ಇರಲಿಲ್ಲ, ಅದರ ಹಿಂದೆ ಎಷ್ಟೋ ದೂರದಲ್ಲಿತ್ತು. ಹುಡುಗಿ ಜಾಣೆ. ಆದರೂ ಹೀಗಾಗುತ್ತದೆ.

ದಯವಿಟ್ಟು ಗಮನಿಸಿ: ಗುಚ್ಛಗಳು ಡಿಕ್ಕಿ ಹೊಡೆದಾಗ ಗ್ಯಾಲಕ್ಸಿಗಳು ಬಹುತೇಕ ಒಂದನ್ನೊಂದು ಮುಟ್ಟದೆ ದಾಟಿ ಹೋಗುತ್ತವೆ. ನಿಜವಾಗಿ ಗುದ್ದಾಡುವುದು ಅವುಗಳ ನಡುವೆ ತುಂಬಿರುವ ಅನಿಲ. ಬಲು ತೆಳು ಅನಿಲ, ಒಂದು ಲೀಟರ್ ಜಾಗದಲ್ಲಿ ಒಂದೆರಡು ಕಣ ಅಷ್ಟೇ. ಆದರೆ ಬಿಸಿ ಕೋಟಿಗಟ್ಟಲೆ ಡಿಗ್ರಿ. ಗುಚ್ಛದ ನಕ್ಷತ್ರಗಳೆಲ್ಲ ಸೇರಿದರೂ ಅದರ ತೂಕಕ್ಕೆ ಸಮ ಬರುವುದಿಲ್ಲ. ಡಿಕ್ಕಿಯಿಂದ ಆ ಅನಿಲದಲ್ಲಿ ಆಘಾತದ ಅಲೆ ಏಳುತ್ತದೆ. ಅಲೆ ಎಲೆಕ್ಟ್ರಾನುಗಳಿಗೆ ವೇಗ ಕೊಡುತ್ತದೆ. ಭೂಮಿಯದ್ದಕ್ಕಿಂತ ಸುಮಾರು ಲಕ್ಷ ಪಟ್ಟು ದುರ್ಬಲವಾದ ಕಾಂತಕ್ಷೇತ್ರದಲ್ಲಿ ಅವು ಸುತ್ತುತ್ತಾ ರೇಡಿಯೋ ಅಲೆ ಸೂಸುತ್ತವೆ. ನಾವು ನೋಡುವ ಕಮಾನು ಅದೇ.

2010ರಲ್ಲಿ ವರದಿಯಾದ, 'ಸಾಸೇಜ್' ಅಂತ ಅಡ್ಡಹೆಸರಿರುವ ಗುಚ್ಛದ ಕಮಾನನ್ನೇ ನೋಡಿ. ಉದ್ದ ಸುಮಾರು 60 ಲಕ್ಷ ಜ್ಯೋತಿರ್ವರ್ಷ. ಇಷ್ಟುದ್ದ ಒಂದೇ ಸಮನೆ ಹೊಳೆಯುವಂತೆ ಮಾಡಲು ಒಂದು ಗ್ಯಾಲಕ್ಸಿಯಿಂದ ಆಗುತ್ತದೆಯೇ? ಹೆಚ್ಚು ಆವರ್ತನದಲ್ಲಿ ನೋಡಿದರೆ ಹೊರ ಅಂಚಿನ ಸಣ್ಣ ಪಟ್ಟಿ ಮಾತ್ರ ಕಾಣುತ್ತದೆ. ಆವರ್ತನ ಇಳಿಸುತ್ತಾ ಬನ್ನಿ, ಪಟ್ಟಿ ಒಳಮುಖವಾಗಿ ಅಗಲವಾಗುತ್ತದೆ. ಅಲೆ ಈಗ ತಾನೇ ತಾಗಿದ ಎಲೆಕ್ಟ್ರಾನುಗಳು ಹೊರಗಡೆ, ಎಂದೋ ತಾಗಿ ಈಗ ದಣಿದವು ಒಳಗಡೆ. ಜಾಸ್ತಿ ಶಕ್ತಿಯವು ಬೇಗ ದಣಿಯುತ್ತವೆ, ಅದಕ್ಕೇ ಹೀಗೆ. ಗ್ಯಾಲಕ್ಸಿ ಹುಡುಕುವ ಮೊದಲು, ಹೊರಗಿನಿಂದ ಒಳಕ್ಕೆ ಎಲೆಕ್ಟ್ರಾನುಗಳ ಶಕ್ತಿ ಹೀಗೆ ಇಳಿಯುತ್ತಾ ಹೋಗುತ್ತದೆಯೇ ಅಂತ ಅಳೆಯಿರಿ. ಎಕ್ಸ್‌ರೇ ಚಿತ್ರದಲ್ಲಿ ಅದೇ ಅಂಚಿನಲ್ಲಿ ಅನಿಲದ ಸಾಂದ್ರತೆ ತಟ್ಟನೆ ಬದಲಾಗುತ್ತದೆಯೇ ಅಂತಲೂ ನೋಡಿ.

ಹಾಗಂತ ಗ್ಯಾಲಕ್ಸಿಗಳಿಗೆ ಪಾತ್ರವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಈ ಅಲೆಗಳು ಸಾಮಾನ್ಯವಾಗಿ ದುರ್ಬಲ, ಆ ಅನಿಲದಲ್ಲಿ ಶಬ್ದ ಸಾಗುವ ವೇಗದ ಎರಡು ಮೂರು ಪಟ್ಟು ವೇಗದವು. ಅನಿಲದ ಸಾಮಾನ್ಯ ಎಲೆಕ್ಟ್ರಾನನ್ನು ಸೊನ್ನೆಯಿಂದ ಎಬ್ಬಿಸುವುದು ಅವಕ್ಕೆ ಕಷ್ಟ. ಏಬೆಲ್ 3411–3412 ಎಂಬ, ಡಿಕ್ಕಿ ಹೊಡೆದ ಗುಚ್ಛಗಳ ಜೋಡಿಯಲ್ಲಿ 2017ರಲ್ಲಿ ಸಿಕ್ಕ ಸುಳಿವು ಇಲ್ಲಿ ಮುಖ್ಯ. ಒಂದು ಗ್ಯಾಲಕ್ಸಿ ಹಿಂದೆ ಬಿಟ್ಟ ರೇಡಿಯೋ ಹೊಳಪಿನ ಬಾಲ ಉದ್ದಕ್ಕೂ ಮಂಕಾಗುತ್ತಾ ಬಂದು, ಕಮಾನಿನ ಅಂಚು ಮುಟ್ಟಿದ ಕಡೆ ಮತ್ತೆ ಹೊಳೆಯುತ್ತದೆ. ಅಂದರೆ ಹಳೇ ಎಲೆಕ್ಟ್ರಾನುಗಳನ್ನು ಕೊಟ್ಟಿದ್ದು ಗ್ಯಾಲಕ್ಸಿ, ಅವಕ್ಕೆ ಮತ್ತೆ ಶಕ್ತಿ ತುಂಬಿದ್ದು ಅಲೆ. ಎಲ್ಲ ಕಮಾನುಗಳ ಕಥೆಯೂ ಇದೇ ಅಂತ ಇನ್ನೂ ಹೇಳುವಂತಿಲ್ಲ.